ಹದಿನಾರು ನಂಬರಿನ ನಳಿಗೆ

ಸೊಲ್ಲಾಪುರದ ನವಿ ಪೇಠದ ಹಿಂದಿನ ಗಲ್ಲಿಯಲ್ಲಿ ಎಡಕ್ಕೂ ಬಲಕ್ಕೂ ಚಾದರ, ಟವೆಲ್ಲುಗಳ ಅಂಗಡಿಗಳು. ನಡುವೆ ಒಂದೇ ಒಂದು ಅಂಗಡಿಯಲ್ಲಿ ಬಟ್ಟೆಯಿಲ್ಲ. ಅದು ಶಿವಾನಂದನದು. ಅಲ್ಲಿ ಸಿಗುವುದು ಕೈಗವಸು, ಸೂಜಿ, ಬ್ಯಾಂಡೇಜು, ಮೂತ್ರದ ನಳಿಗೆ, ಅದಕ್ಕೆ ಜೋಡಿಸುವ ಚೀಲ. ಚಪಳಗಾಂವದ ಕನ್ನಡ ಸಾಲೆಯಲ್ಲಿ ಓದಿ, ಸೊಲ್ಲಾಪುರದಲ್ಲಿ ಸೋದರಮಾವನ ಚಾದರದ ಅಂಗಡಿಯ ಅಟ್ಟದ ಮೇಲೆ ಮಲಗಿ ಬಿ.ಎಸ್ಸಿ. ಮುಗಿಸಿದವನು. "ಕೆಮಿಸ್ಟ್ರಿ ಕಲ್ತು ಚಾದರ ಮಡಚಂಗಿಲ್ಲ ನಾ" ಎಂದು ಮಾವನಿಗೆ ಹೇಳಿ ಈ ಅಂಗಡಿ ಹಾಕಿದಾಗ ಅವನಿಗೆ ಇಪ್ಪತ್ತೊಂಬತ್ತು. ಈಗ ಅರವತ್ತೊಂದು.

ಹೊಸ ಮಾಲು ಬಂದಾಗ ಪ್ರತಿ ಪೆಟ್ಟಿಗೆಯಿಂದ ಒಂದು ನಳಿಗೆ ತೆಗೆದು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡುವುದು ಅವನ ಪದ್ಧತಿ. ಗೋಡೆ ಎಷ್ಟು ದಪ್ಪ, ಒಳದಾರಿ ಎಷ್ಟು ಅಗಲ, ಎಲ್ಲಿಯಾದರೂ ಗಂಟಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡುತ್ತಾನೆ. ಎದುರಿನ ಚಾದರದ ಅಂಗಡಿಯ ಯೋಗಿರಾಜ ಅಲ್ಲಿಂದಲೇ ಕೂಗುತ್ತಾನೆ: "ಶೇಠ್, ಸೌತಿಕಾಯಿ ಕೊಯ್ದದ್ದು ಆತೇನ್ರಿ? ಉಪ್ಪು ಕಳಸ್ಲೇನು?"

"ಖಾರಾನೂ ಕಳಸು" ಎಂದು ಇವನು ತಲೆಯೆತ್ತದೆ ಹೇಳುತ್ತಾನೆ.

ಗಲ್ಲಾಪೆಟ್ಟಿಗೆಯ ಹಿಂದಿನ ಕಪಾಟಿನಲ್ಲಿ ಎಂಟು ಗಾಜಿನ ಬಾಟಲಿಗಳಿವೆ. ಯೂರಿಯಾ ಮತ್ತು ಆರೇಳು ಲವಣಗಳನ್ನು ತೂಗಿ ಹಾಕಿ ಅವನೇ ಮಾಡಿದ ದ್ರಾವಣ, ಮೂತ್ರಕ್ಕೆ ಹತ್ತಿರದ್ದು. ನಾಲ್ಕರಲ್ಲಿ ಲೇಟೆಕ್ಸಿನ ತುಂಡುಗಳು, ನಾಲ್ಕರಲ್ಲಿ ಸಿಲಿಕೋನಿನವು. ಪ್ರತಿ ಸೋಮವಾರ ಒಂದೊಂದನ್ನೇ ಬೆಳಕಿಗೆ ಹಿಡಿದು, ಹರಳು ಎಷ್ಟು ಕೂತಿದೆ ಎಂದು ದಿನಾಂಕ ಹಾಕಿ ಬರೆಯುತ್ತಾನೆ. ಗಿರಾಕಿಗಳು ಕಪಾಟಿನತ್ತ ಅನುಮಾನದಿಂದ ನೋಡುವುದುಂಟು. ಒಬ್ಬ ಹೆಣ್ಣುಮಗಳು ಬಾಟಲಿಯಲ್ಲಿರುವುದು ಇವನದೇ ಏನೋ ಎಂದು ತಿಳಿದು ಮೂಗಿಗೆ ಸೆರಗು ಹಿಡಿದು ನಿಂತಿದ್ದಳು.

"ಯಾವುದು ಚಲೋ ಹೇಳ್ರಿ, ಲೇಟೆಕ್ಸೋ ಸಿಲಿಕೋನೋ?" ಎಂದು ಕೇಳಿದವರಿಗೆ ಅವನು ನೇರವಾಗಿ ಉತ್ತರ ಕೊಡುವುದಿಲ್ಲ. "ಯಾರಿಗಿ? ಎಷ್ಟು ದಿವಸಕ್ಕ?" ಎಂದು ಮೊದಲು ಕೇಳುತ್ತಾನೆ. ಆಮೇಲೆ ಹೇಳುತ್ತಾನೆ: "ಲೇಟೆಕ್ಸ್ ಅಂದ್ರ ಗಿಡದ ಹಾಲು. ಮೆತ್ತಗಿರ್ತದ, ಮೈಯಿಗಿ ಹೊಂದ್ಕೋತದ, ಆದ್ರ ಲಗೂ ಹರಳು ಹಿಡೀತದ. ಕೆಲವರ ಮೈಯಿಗಿ ಆಗಿ ಬರೂದಿಲ್ಲ, ತುರಿಸ್ತದ. ಸಿಲಿಕೋನ್ ಜರಾ ಬಿರುಸು. ಆದ್ರ ಗೋಡಿ ತೆಳ್ಳಗ, ಒಳದಾರಿ ಅಗಲ, ಬಾಳಿಕಿ ಜಾಸ್ತಿ. ಒಂದು ವಾರಕ್ಕಾದ್ರ ಇದು ಸಾಕು. ತಿಂಗಳಗಟ್ಲೆ ಅಂದ್ರ ಡಾಕ್ಟರ್‌ಗಿ ಕೇಳ್ಕೊಂಡು ಬರ್ರಿ." ಮದುವೆಗೆ ಗಂಡು ತೋರಿಸುವವರ ಹಾಗೆ ಇಬ್ಬರ ಗುಣವನ್ನೂ ದೋಷವನ್ನೂ ಹೇಳಿ ಕಳಿಸುತ್ತಾನೆ.

ಇಷ್ಟೆಲ್ಲ ಗೊತ್ತಿದ್ದವನ ಅಕ್ಕನ ಮನೆಯಲ್ಲೇ ನಳಿಗೆ ಕೈಕೊಟ್ಟಿತು.

ಅಕ್ಕ ಉಮಾಬಾಯಿ ಅವನಿಗಿಂತ ಏಳು ವರ್ಷ ದೊಡ್ಡವಳು, ಅಕ್ಕಲಕೋಟದಲ್ಲಿರುತ್ತಾಳೆ. ಅವಳ ಗಂಡ ರಾಚಪ್ಪ ತಹಶೀಲ್ ಕಚೇರಿಯಲ್ಲಿ ಕ್ಲಾರ್ಕ್ ಆಗಿದ್ದು ನಿವೃತ್ತನಾದವನು. ಆದರೆ ಊರಲ್ಲಿ ಅವನ ಹೆಸರು ಕಚೇರಿಯಿಂದ ಬಂದದ್ದಲ್ಲ. ಇಪ್ಪತ್ತಾರು ವರ್ಷಗಳಿಂದ ಶ್ರಾವಣ ಮಾಸದ ಪ್ರತಿ ಸಂಜೆ ಓಣಿಯ ಮಠದಲ್ಲಿ ಕನ್ನಡ ಪುರಾಣ ಓದುವವನು ಅವನೇ. ಎರಡು ತಾಸು ಓದು, ಅರ್ಥ ಹೇಳುವುದು ಮರಾಠಿ ಬೆರೆಸಿದ ಮನೆಮಾತಿನಲ್ಲಿ. ಕೇಳುವವರೆಲ್ಲ ಕನ್ನಡ ಮಾತಾಡುವವರೇ. ಓದು ಬರಹ ಮಾತ್ರ ಮರಾಠಿಯದು. ಪುರಾಣದ ಹೊತ್ತಗೆ ತೆರೆದು ಓದಬಲ್ಲವರು ಓಣಿಯಲ್ಲಿ ಬೇರೆ ಯಾರೂ ಉಳಿದಿಲ್ಲ.

ಎರಡು ವರ್ಷದ ಹಿಂದೆ ಬೆನ್ನುಹುರಿಯ ಆಪರೇಷನ್ನಾದ ಮೇಲೆ ರಾಚಪ್ಪನ ಮೂತ್ರಕೋಶ ತಾನಾಗಿ ಖಾಲಿಯಾಗುವುದನ್ನು ಬಿಟ್ಟಿತು. ಅಂದಿನಿಂದ ಹದಿನಾರು ನಂಬರಿನ ಲೇಟೆಕ್ಸ್ ನಳಿಗೆ. ಅದರ ತುದಿಯಲ್ಲಿ ಒಂದು ಸಣ್ಣ ಬಲೂನು ಇರುತ್ತದೆ. ನಳಿಗೆ ಒಳಗೆ ಹೋದ ಮೇಲೆ ಆ ಬಲೂನಿಗೆ ಹತ್ತು ಮಿಲಿ ಶುದ್ಧ ನೀರು ತುಂಬಿದರೆ ಅದು ಉಬ್ಬಿ ನಿಲ್ಲುತ್ತದೆ, ನಳಿಗೆ ಜಾರುವುದಿಲ್ಲ. ತಿಂಗಳಿಗೊಮ್ಮೆ ಸೊಲ್ಲಾಪುರದ ದವಾಖಾನೆಗೆ ಹೋಗಿ ಬದಲಿಸಿಕೊಂಡು ಬರುತ್ತಿದ್ದರು. ಕಳೆದ ಶ್ರಾವಣದಲ್ಲಿ ರಾಚಪ್ಪ ಚೀಲವನ್ನು ಧೋತರದೊಳಗೆ ತೊಡೆಗೆ ಕಟ್ಟಿಕೊಂಡೇ ತಿಂಗಳು ಪೂರ್ತಿ ಓದಿದ. ಯಾರಿಗೂ ಗೊತ್ತಾಗಲಿಲ್ಲ.

ಈ ವರ್ಷ ಬಿಸಿಲಲ್ಲಿ ಬಸ್ಸು ಹತ್ತಿ ಹೋಗುವುದು ಬೇಡವೆಂದು ಮೇ ತಿಂಗಳಿಂದ ಮನೆಯಲ್ಲೇ ಬದಲಿಸುವ ವ್ಯವಸ್ಥೆಯಾಯಿತು. ಅಕ್ಕಲಕೋಟದ ಒಂದು ಸಣ್ಣ ದವಾಖಾನೆಯಲ್ಲಿ ಕೆಲಸ ಮಾಡುವ ಅಮೋಲ್ ಎಂಬ ಬ್ರದರ್, ಅಂದರೆ ಗಂಡು ನರ್ಸು, ಮನೆಗೆ ಬಂದು ಹಾಕಿಕೊಡುತ್ತಿದ್ದ. ನಳಿಗೆಗಳನ್ನು ಶಿವಾನಂದನೇ ಕಳಿಸುತ್ತಿದ್ದ. ಮೊದಲ ಎರಡು ನಳಿಗೆ ತಿಂಗಳ ಬದಲು ಎರಡು ವಾರಕ್ಕೇ ಬಲೂನು ಒಡೆದು ಜಾರಿದವು. ಮೂರನೆಯದು ಒಂಬತ್ತನೆಯ ದಿನ, ಅಮಾವಾಸ್ಯೆಯ ಸಂಜೆ, ಮಠದಲ್ಲಿ ಎಲ್ಲರ ನಡುವೆ ಕೂತಾಗ ಜಾರಿತು. ರಾಚಪ್ಪ ಶಾಲು ಸೊಂಟಕ್ಕೆ ಸುತ್ತಿಕೊಂಡು ಎದ್ದು ಬಂದವನು ಮತ್ತೆ ಹೊರಬಿದ್ದಿಲ್ಲ. ಮಠದ ಉಸ್ತುವಾರಿ ನೋಡುವ ನಿತಿನ ಬಂದು ಕೇಳಿದ್ದಕ್ಕೆ, "ಈ ವರ್ಷ ಬ್ಯಾರೆ ಯಾರ್ನಾರ ನೋಡ್ಕೋರಿ" ಎಂದನಂತೆ.

"ಬ್ಯಾರೆ ಯಾರದಾರ ರಾಚಪ್ಪಕಾಕಾ? ಮೊಬೈಲ್ನಾಗ ಮರಾಠಿ ಪುರಾಣದ ಪೋಥಿ ಹಚ್ಚಿ ಸ್ಪೀಕರ್‌ಗಿ ಜೋಡಿಸ್ಬೇಕಾಗ್ತದ."

"ಹಚ್ರಿ" ಎಂದು ರಾಚಪ್ಪ ಗೋಡೆಯ ಕಡೆ ತಿರುಗಿ ಮಲಗಿದ.

ಇದನ್ನೆಲ್ಲ ಉಮಾಬಾಯಿ ಫೋನಿನಲ್ಲಿ ಹೇಳಿದಳು. "ಊಟಾ ಬಿಟ್ರ ಬಿಡ್ಲಿ ತಮ್ಮಾ, ನಾ ಹೆದರೂದಿಲ್ಲ. ಈ ಮನಶಾ ಪುರಾಣಾ ಬಿಟ್ಟಾನಂದ್ರ ನಂಗ ಎದಿ ಧಡ್ ಅಂತದ. ನಿನ್ನ ಮಾಲು ನೋಡು ಒಂದ್ಸಲ."

ಶ್ರಾವಣಕ್ಕೆ ಆಗ ಇಪ್ಪತ್ತು ದಿನ ಉಳಿದಿತ್ತು.

ಶಿವಾನಂದ ಮಾಲು ನೋಡಿದ. ಅದೇ ಪೆಟ್ಟಿಗೆಯ ಹತ್ತು ನಳಿಗೆ ತೆಗೆದು, ಹತ್ತರ ಬಲೂನಿಗೂ ನೀರು ತುಂಬಿ, ಮೈಶಾಖದಷ್ಟೇ ಬೆಚ್ಚಗಿರುವ ನೀರಲ್ಲಿ ಇಳಿಬಿಟ್ಟ. ದಿನಕ್ಕೆ ಮೂರು ಸಲ ಥರ್ಮಾಮೀಟರ್ ಅದ್ದಿ ಬಿಸಿನೀರು ಸುರಿದು ಶಾಖ ಕಾಯ್ದುಕೊಂಡ. ಯೋಗಿರಾಜ ಬಂದು ಇಣುಕಿ, "ಇಡ್ಲಿ ಹಚ್ಚೀರೇನು?" ಎಂದು ಕೇಳಿ ಹೋದ. ಎಂಟು ದಿನವಾದರೂ ಒಂದು ಬಲೂನೂ ಒಡೆಯಲಿಲ್ಲ. ಒಂಬತ್ತನೆಯ ಬೆಳಿಗ್ಗೆ ಆರೂವರೆಗೆ ಅಕ್ಕನ ಫೋನು ಬಂತು. ಅಮಾವಾಸ್ಯೆಯ ಮರುದಿನ ಹಾಕಿದ ನಾಲ್ಕನೆಯ ನಳಿಗೆಯೂ ಈಗ ಹೊರಗೆ ಬಿದ್ದಿದೆ, ಅಮೋಲ್ ಒಂಬತ್ತಕ್ಕೆ ಬರುತ್ತಾನೆ.

ಅವನು ಒಂದು ಹಾಳೆಯ ಮೇಲೆ ಬರೆದ: ದವಾಖಾನೆಯಲ್ಲಿ ಹಾಕಿದವು, ಎಲ್ಲವೂ ತಿಂಗಳು ಬಾಳಿವೆ. ಅಂಗಡಿಯಲ್ಲಿ ಇಟ್ಟವು, ಹತ್ತಕ್ಕೆ ಹತ್ತು ಗಟ್ಟಿ. ಮನೆಯಲ್ಲಿ ಹಾಕಿದವು, ನಾಲ್ಕಕ್ಕೆ ನಾಲ್ಕೂ ಒಡೆದಿವೆ. ಮಾಲು ಒಂದೇ, ಮನುಷ್ಯ ಒಬ್ಬನೇ. ಬೇರೆಯಾದದ್ದು ಮನೆ. ಸೊಲ್ಲಾಪುರದ ದವಾಖಾನೆಯ ಡಾಕ್ಟರಿಗೆ ಫೋನು ಮಾಡಿ ವಿಷಯ ತಿಳಿಸಿದ. ಸಿಲಿಕೋನ್ ಹಾಕಿ ನೋಡಿ ಎಂದು ಅವರು ಒಪ್ಪಿದರು. ಎರಡೂ ಬಗೆಯ ನಳಿಗೆ, ಜೆಲ್ಲಿ, ಸಿರಿಂಜು, ಶುದ್ಧ ನೀರು ಚೀಲಕ್ಕೆ ಹಾಕಿಕೊಂಡು ಏಳೂಕಾಲಿನ ಅಕ್ಕಲಕೋಟ ಬಸ್ಸು ಹತ್ತಿದ.

ಮನೆಯಲ್ಲಿ ಮಗ, ಸೊಸೆ ಇಬ್ಬರೂ ಮಾಸ್ತರಿಕೆಗೆ ಹೊರಟಿದ್ದರು. ಪಡಸಾಲೆಯ ಮಂಚದ ಮೇಲೆ ರಾಚಪ್ಪ ಹೊಟ್ಟೆ ಹಿಡಿದುಕೊಂಡು ಕೂತಿದ್ದ.

"ಬಂದ್ರೇನ್ ಸಾಯಿನ್ಸ್ ಮಾಸ್ತರ? ನಿಮ್ಮ ನಳಿಗಿ ಮತ್ತ ನಮಗ ರಾಮರಾಮ ಹೇಳೇದ."

"ಇವತ್ತ ಕಣ್ಣಿನಿಂದ ನೋಡಾಕ ಬಂದೀನಿ ದಾಜಿ" ಎಂದ ಶಿವಾನಂದ. ಅಕ್ಕನ ಗಂಡನನ್ನು ಅವನು ಮೊದಲಿನಿಂದ ದಾಜಿ ಎಂದೇ ಕರೆಯುವುದು.

ಅಮೋಲ್ ಬಂದು ಕೈ ತೊಳೆದು, ಕೈಗವಸು ಹಾಕಿಕೊಂಡು, ಲೇಟೆಕ್ಸ್ ನಳಿಗೆಯ ಪೊಟ್ಟಣ ಬಿಚ್ಚಿದ. ಅಷ್ಟರಲ್ಲಿ ಉಮಾಬಾಯಿ ಒಳಗಿನಿಂದ ಒಂದು ಸ್ಟೀಲಿನ ಬಟ್ಟಲು ಹಿಡಿದು ಬಂದಳು. ಬೆಳಗಿ ಕನ್ನಡಿಯಂತೆ ಹೊಳೆಯುವ ಬಟ್ಟಲು. ಅದರಲ್ಲಿ ಉಗುರುಬೆಚ್ಚಗಿನ ಕುಸುಬಿ ಎಣ್ಣೆ. ಅಮೋಲ್ ಏನೂ ಕೇಳದೆ ನಳಿಗೆಯ ತುದಿಯನ್ನು ಬಲೂನಿನವರೆಗೂ ಅದರಲ್ಲಿ ಅದ್ದಿದ.

"ನಿಲ್ರಿ" ಎಂದ ಶಿವಾನಂದ. "ಜೆಲ್ಲಿ ಎಲ್ಲಿ?"

ಅಮೋಲ್ ತಲೆ ಕೆಳಗೆ ಹಾಕಿದ. "ಮೊದಲ್ನೇ ಸಲ ಜೆಲ್ಲಿ ಮುಗದಿತ್ರಿ. ಆಜಿ ಎಣ್ಣಿ ಕೊಟ್ರು. ಆಮ್ಯಾಲ ಪ್ರತಿ ಸಲ ಬಟ್ಟಲ ತಯಾರೇ ಇರ್ತಿತ್ತು. ಬ್ಯಾಡ ಅನ್ನಾಕ ನನಗ ಆಗ್ಲಿಲ್ಲರಿ."

"ಬ್ಯಾಡ ಯಾಕ ಅಂತಾನಂವಾ?" ಎಂದಳು ಉಮಾಬಾಯಿ. "ಅಂಗಡಿದಲ್ಲ, ನಮ್ಮ ಹೊಲದ ಕುಸುಬಿ, ಗಾಣದಾಗ ಹಿಂಡಿಸಿದ್ದು. ದಿನಾ ಮುಂಜಾನಿ ಹೊರಗಿನ ನಳಿಗಿಗೂ ಒರಸ್ತೀನಿ. ಒಣಗಿದ್ದು ಸೀಳ್ತದ, ಗೊತ್ತಿಲ್ಲೇನು ನಿನಗ? ಅಪ್ಪಾ ಮೋಟಿನ ಬಾರಕ್ಕ ಎಷ್ಟ ಎಣ್ಣಿ ಕುಡಸ್ತಿದ್ದ!"

ಗೊತ್ತಿತ್ತು. ಚಪಳಗಾಂವದ ಹೊಲದ ಬಾವಿಯಲ್ಲಿ ಎತ್ತುಗಳು ಎಳೆಯುತ್ತಿದ್ದ ತೊಗಲಿನ ದೊಡ್ಡ ಚೀಲವೇ ಮೋಟು. ಅದರ ತೊಗಲಿನ ಹಗ್ಗಕ್ಕೆ ಹದಿನೈದು ದಿನಕ್ಕೊಮ್ಮೆ ಕುಸುಬಿ ಎಣ್ಣೆ ತಿಕ್ಕುವುದು ಮಕ್ಕಳ ಕೆಲಸ. ಒಂದು ತುದಿ ಅಕ್ಕನ ಕೈಯಲ್ಲಿ, ಒಂದು ತುದಿ ತಮ್ಮನ ಕೈಯಲ್ಲಿ. ಎಣ್ಣೆ ಕುಡಿದ ಹಗ್ಗ ವರ್ಷಗಟ್ಟಲೆ ಬಾಳುತ್ತಿತ್ತು. ಆ ಮನೆಯಲ್ಲಿ ಹುಟ್ಟಿದವರಿಗೆ ಬಾಗುವ, ಜಾರುವ ಯಾವ ವಸ್ತುವಿಗೂ ಎಣ್ಣೆ ಹಚ್ಚದೆ ಬಿಡಲು ಕೈ ಬಾರದು. ಆದರೆ ತೊಗಲಿಗೆ ಜೀವ ಕೊಡುವ ಎಣ್ಣೆ ಲೇಟೆಕ್ಸಿನೊಳಗೆ ಇಳಿದರೆ ಅದು ನೆನೆದ ರೊಟ್ಟಿಯಂತೆ ಉಬ್ಬಿ ಕಸುವು ಕಳೆದುಕೊಳ್ಳುತ್ತದೆ. ಎಣ್ಣೆಯಲ್ಲಿ ಅದ್ದಿದ ಬಲೂನು ವಾರ, ಎರಡು ವಾರ ತಡೆದದ್ದೇ ಹೆಚ್ಚು.

ಶಿವಾನಂದನಿಗೆ ಕಾರಣ ಸಿಕ್ಕಿತು. ಆದರೆ ಸಿಕ್ಕ ಖುಷಿ ಆಗಲಿಲ್ಲ. ಬಟ್ಟಲು ಹಿಡಿದು ನಿಂತ ಅಕ್ಕನಿಗೆ ಇದನ್ನು ಹೇಗೆ ಹೇಳುವುದು? ಪೆಟ್ಟಿಗೆಯೇ ಕೆಟ್ಟಿತ್ತು ಎಂದುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಅಂಗಡಿಯಲ್ಲಿ ಹತ್ತು ಬಲೂನುಗಳು ಇನ್ನೂ ಗಟ್ಟಿಯಾಗಿದ್ದವು; ಅವು ಇದ್ದಾಗ ಆ ಮಾತು ಅವನ ಬಾಯಿಂದ ಬರುವುದು ಸಾಧ್ಯವಿರಲಿಲ್ಲ.

"ಮೊದಲ ದಾಜಿಗಿ ಆರಾಮ ಆಗ್ಲಿ" ಎಂದು ಎಣ್ಣೆಯ ನಳಿಗೆಯನ್ನು ಪಕ್ಕಕ್ಕಿಟ್ಟ. ಚೀಲದಿಂದ ಸಿಲಿಕೋನ್ ನಳಿಗೆ ತೆಗೆದು ಕೊಟ್ಟ. ನೀರಿನಿಂದ ಮಾಡಿದ ಜೆಲ್ಲಿ ಹಚ್ಚಿ ಅಮೋಲ್ ಅದನ್ನು ಹಾಕಿ, ಬಲೂನಿಗೆ ಹತ್ತು ಮಿಲಿ ನೀರು ತುಂಬಿದ. ರಾಚಪ್ಪನ ಮುಖ ಸಡಿಲವಾಯಿತು.

"ಇದು ಜರಾ ಬಿರುಸ ಅದಲ್ಲೋ" ಎಂದ.

"ಬಿರುಸ ಅದ ದಾಜಿ. ಎರಡ್ಮೂರು ದಿವಸ ಗೊತ್ತಾಗ್ತದ."

"ಸುಳ್ಳರ ಹೇಳೋ, ಮೆತ್ತಗ ಅದ ಅಂತ!"

ಆಮೇಲೆ ಶಿವಾನಂದ ಎರಡು ಬಟ್ಟಲು ಕೇಳಿ ತೆಗೆದುಕೊಂಡ. ಒಂದರಲ್ಲಿ ಕುಸುಬಿ ಎಣ್ಣೆ ಹಾಕಿ ಪಕ್ಕಕ್ಕಿಟ್ಟಿದ್ದ ಲೇಟೆಕ್ಸ್ ನಳಿಗೆಯ ತುದಿಯನ್ನು ಮುಳುಗಿಸಿದ. ಇನ್ನೊಂದರಲ್ಲಿ ಜೆಲ್ಲಿ ಹಚ್ಚಿದ ಲೇಟೆಕ್ಸ್ ನಳಿಗೆ. ಎರಡಕ್ಕೂ ತಟ್ಟೆ ಮುಚ್ಚಿ ದೇವರ ಗೂಡಿನ ಕೆಳಗಿಟ್ಟ. ಆ ರಾತ್ರಿ ಅಲ್ಲೇ ಉಳಿದ. ಉಮಾಬಾಯಿ ಊಟಕ್ಕೆ ಬಡಿಸುವಾಗ ಎರಡು ಸಲ ಆ ತಟ್ಟೆಗಳ ಕಡೆ ನೋಡಿದಳು.

ಮರುದಿನ ಚಹಾ ಆದ ಮೇಲೆ ಅವನು ಎರಡನ್ನೂ ಹೊರತೆಗೆದ. ಜೆಲ್ಲಿಯ ನಳಿಗೆ ಹೇಗಿತ್ತೋ ಹಾಗೇ ಇತ್ತು. ಎಣ್ಣೆಯದು ಉಬ್ಬಿ, ಬೆರಳಿಗೆ ಅಂಟುವಂತಾಗಿತ್ತು. ಸಿರಿಂಜಿನಿಂದ ಜೆಲ್ಲಿಯದಕ್ಕೆ ನೀರು ತುಂಬಿದ; ಬಲೂನು ದುಂಡಗೆ ಉಬ್ಬಿ ನಿಂತಿತು. ಎಣ್ಣೆಯದಕ್ಕೆ ತುಂಬಿದ, ಅದು ಒಂದೇ ಮಗ್ಗುಲಿಗೆ ಸೊಟ್ಟಗೆ ಉಬ್ಬಿ, ಒಂಬತ್ತನೆಯ ಮಿಲಿಗೆ ಪಟ್ಟೆಂದು ಒಡೆದು ನೀರು ಅವನ ಅಂಗಿಯ ಮೇಲೆ ಹಾರಿತು.

ರಾಚಪ್ಪ ಜೋರಾಗಿ ನಕ್ಕ. ಉಮಾಬಾಯಿ ನಗಲಿಲ್ಲ.

"ಹಂಗಾರ ನಾನಽ ಹಾಳು ಮಾಡಿದ್ನೇನು? ಮಠದಾಗ, ಅಷ್ಟ್ ಮಂದ್ಯಾಗ, ನನ್ನ ಎಣ್ಣಿಯಿಂದ?"

"ಎಣ್ಣಿಯಿಂದ ಆಗೇದ ಅಕ್ಕಾ, ಖರೇ" ಎಂದ ಶಿವಾನಂದ. ಖಾಲಿ ಪೊಟ್ಟಣವೊಂದನ್ನು ಎತ್ತಿ ಹಿಂಬದಿ ತೋರಿಸಿದ. ಸಾಸಿವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳು. "ಎಣ್ಣಿ ತಾಗಸಬ್ಯಾಡ್ರಿ ಅಂತ ಇಲ್ಲಿ ಬರದಾರ. ನಿನಗ ಇದು ಓದಾಕ ಬರೂದಿಲ್ಲ. ನನಗ ಬರ್ತದ. ಮೂವತ್ತು ವರ್ಷದಿಂದ ಓದಾಕತ್ತೀನಿ. ದಿನಾ ಹತ್ತು ಮಂದಿಗಿ ಗುಣಾ ದೋಷಾ ಹೇಳ್ತೀನಿ, ನಿನಗ ಹೇಳಲಿಲ್ಲ. ಅಕ್ಕನ ಮನಿ, ಕಳಸಿದ್ರ ಆತು ಅಂದೆ. ಜೆಲ್ಲಿ ಸೈತ ಜೋಡಿ ಕಳಸಲಿಲ್ಲ."

"ನೀ ನನ್ನ ಸಮಾಧಾನಕ್ಕ ಹೇಳಾಕತ್ತಿ."

"ಸಮಾಧಾನಕ್ಕ ಹೇಳೂದಿದ್ರ ನಿನ್ನಿನೇ ಮಾಲು ಕೆಟ್ಟದ ಅಂತಿದ್ದೆ."

ಉಮಾಬಾಯಿ ಸ್ವಲ್ಪ ಹೊತ್ತು ಒಡೆದ ಬಲೂನನ್ನು ಬೆರಳಲ್ಲಿ ಹಿಡಿದು ನೋಡಿದಳು. ಆಮೇಲೆ ಎಣ್ಣೆಯ ಬಟ್ಟಲನ್ನು ತೆಗೆದುಕೊಂಡು ಹೋಗಿ ದೇವರ ದೀಪಕ್ಕೆ ಸುರಿದಳು. ಹೊಲದ ಕುಸುಬಿ, ಚೆಲ್ಲಲು ಮನಸ್ಸಾಗಲಿಲ್ಲ.

ಕಾರಣವೇನೋ ಸಿಕ್ಕಿತು, ರಾಚಪ್ಪ ಮಾತ್ರ ಜಗ್ಗಲಿಲ್ಲ. "ಲೇಟೆಕ್ಸ್ ಹಾಕುವಾಗೂ ನೀನು ಗಟ್ಟಿ ಅಂತಽ ಹೇಳಿದ್ದಿ. ಈಗ ಸಿಲಿಕೋನ್ ಗಟ್ಟಿ ಅಂತಿ. ನಡುವ ಬಿದ್ರ ಮರ್ಯಾದಿ ನಿನ್ನದು ಹೋಗೂದಿಲ್ಲ, ನನ್ನದು."

"ಸಿಲಿಕೋನಿನದೂ ಒಂದು ದೋಷ ಅದ ದಾಜಿ" ಎಂದ ಶಿವಾನಂದ.

"ನೋಡು! ನಾ ಹೇಳ್ಲಿಲ್ಲ?"

"ಕೇಳ್ರಿ ಪೂರಾ. ಬಲೂನಿನ ಗೋಡಿ ಗಟ್ಟೀನ ಅದ, ಒಡಿಯೂದಿಲ್ಲ. ಆದ್ರ ಅದರೊಳಗಿನ ನೀರು ಕಣ್ಣಿಗಿ ಕಾಣದಂಗ, ಆವಿ ಹೋದಂಗ, ದಿನಾ ಚೂರು ಚೂರು ಹೊರಗ ಹೋಗ್ತದ. ಹಂಗಽ ಬಿಟ್ರ ಮೂರ್ನಾಕು ವಾರದಾಗ ಬಲೂನು ಸಣ್ಣಾಗಿ ಜಾರಬಹುದು. ಅದಕ್ಕ ವಾರಕ್ಕೊಮ್ಮೆ ಅಮೋಲ್ ಬಂದು ನೀರು ತಗದು ಅಳದು ಮತ್ತ ಹತ್ತು ಮಿಲಿ ತುಂಬಬೇಕು." ಕಿಸೆಯಿಂದ ಚೀಟಿ ತೆಗೆದು ಬರೆದ. "ನಿನ್ನಿ ಹತ್ತು ಹಾಕೀವಿ. ಏಳನೇ ದಿವಸ ತಗದ್ರ ಎಂಟೂವರಿಯಿಂದ ಒಂಬತ್ತೂವರಿ ನಡುವ ಬರ್ತದ. ಅದಕ್ಕಿಂತ ಕಡಿಮಿ ಬಂದ್ರ ಮಠಕ್ಕ ಹೋಗಬ್ಯಾಡ್ರಿ, ನಾನಽ ನಿತಿನಗ ಹೇಳ್ತೀನಿ ಮೊಬೈಲ್ ಹಚ್ಚು ಅಂತ."

ರಾಚಪ್ಪ ಚೀಟಿ ತೆಗೆದುಕೊಂಡು ಎರಡು ಸಲ ಓದಿ ದಿಂಬಿನ ಕೆಳಗಿಟ್ಟುಕೊಂಡ. ಮೂವತ್ತೈದು ವರ್ಷ ಕಚೇರಿಯಲ್ಲಿ ಕಾಗದ ನೋಡಿದವನಿಗೆ ಬಾಯಿಮಾತಿಗಿಂತ ಬರೆದದ್ದರ ಮೇಲೆ ಹೆಚ್ಚು ಭರವಸೆ.

ಏಳನೆಯ ದಿನ ಶ್ರಾವಣಕ್ಕೆ ಐದೇ ದಿನ ಬಾಕಿ. ಶಿವಾನಂದ ಮತ್ತೆ ಬಸ್ಸು ಹತ್ತಿ ಬಂದ. ಅವನು, ಅಕ್ಕ, ಅಮೋಲ್ ಮೂವರೂ ಮಂಚದ ಸುತ್ತ ನಿಂತಿದ್ದರು. ಅಮೋಲ್ ನಳಿಗೆಯನ್ನು ಒಂದು ಕೈಯಲ್ಲಿ ಅಲುಗದಂತೆ ಹಿಡಿದು, ಇನ್ನೊಂದರಲ್ಲಿ ಸಿರಿಂಜಿನಿಂದ ನಿಧಾನವಾಗಿ ನೀರು ಎಳೆದ. ಎಂಟು ಬಂದು ನಿಂತಿತೇ ಎಂದು ಶಿವಾನಂದ ಒಂದು ಕ್ಷಣ ಹೆದರಿದ. ಅಮೋಲ್ ತುಸು ಕಾದ, ಮತ್ತೆ ಬಂತು.

"ಒಂಬತ್ತು" ಎಂದ ಅಮೋಲ್.

"ಕನ್ನಡಕಾ ಕೊಡು" ಎಂದು ರಾಚಪ್ಪ ಮಲಗಿದಲ್ಲೇ ಸಿರಿಂಜನ್ನು ಕಣ್ಣ ಹತ್ತಿರ ತರಿಸಿಕೊಂಡು ಗೆರೆಗಳನ್ನು ತಾನೇ ಎಣಿಸಿದ. ಹೊಸ ನೀರು ತುಂಬಿದ್ದಾಯಿತು. ರಾಚಪ್ಪ ಕನ್ನಡಕ ತೆಗೆದು ಹೆಂಡತಿಯ ಕಡೆ ತಿರುಗಿದ.

"ಎಲ್ಲಾ ಅಂಗಡ್ಯಾಂವ್ರು ಗುಣಾ ಹೇಳ್ತಾರ. ಇಂವಾ ಕಳ್ಳ, ದೋಷಾ ಸೈತ ಮಾಪ ಹಾಕಿ ಹೇಳ್ತಾನ. ಉಮಾ, ನಿತಿನಗ ಫೋನ್ ಮಾಡು."

"ಏನಂತ ಮಾಡ್ಲಿ?"

"ಸ್ಪೀಕರ್ ಇರ್ಲಿ, ಮೊಬೈಲ್ ಬ್ಯಾಡ ಅಂತ ಹೇಳು."

ಶ್ರಾವಣದ ಮೊದಲ ಸಂಜೆ ಮಠದಲ್ಲಿ ನಲವತ್ತು ಜನ ಸೇರಿದ್ದರು. ರಾಚಪ್ಪ ಇಸ್ತ್ರಿಯ ಧೋತರ ಉಟ್ಟು, ಹೊತ್ತಗೆಗೆ ಕೈಮುಗಿದು ಕೂತ. ಶಿವಾನಂದ ಅಂಗಡಿಯನ್ನು ಬೇಗ ಮುಚ್ಚಿ ಬಂದು ಅವನ ಹಿಂದೆ ಕಂಬಕ್ಕೆ ಒರಗಿ ಕೂತಿದ್ದ. ಪುರಾಣ ಅವನ ಕಿವಿಗೆ ಬೀಳಲಿಲ್ಲ. ಗಂಟೆಗೆ ಎಷ್ಟು ಮಿಲಿ, ಚೀಲ ಎಷ್ಟು ಹಿಡಿಯುತ್ತದೆ, ಮಡಿಸಿದ ಕಾಲಿನ ಕೆಳಗೆ ನಳಿಗೆ ಸೊಟ್ಟಗಾಗಿದೆಯೇ ಎಂದೆಲ್ಲ ಮನಸ್ಸಿನಲ್ಲೇ ಲೆಕ್ಕ ಮಾಡುತ್ತಿದ್ದ. ರಾಚಪ್ಪನೂ ಮೊದಲ ಅರ್ಧ ತಾಸು ಯಾರೋ ಬೆನ್ನಟ್ಟಿದವರಂತೆ ಓದಿದ. ದನಿ ಮೇಲೇರಲಿಲ್ಲ, ಅರ್ಥ ಹೇಳುವಾಗ ಒಂದು ಹಾಸ್ಯವೂ ಬರಲಿಲ್ಲ. ಒಂದು ಕೈ ಹಾಳೆಯ ಮೇಲೆ, ಇನ್ನೊಂದು ತೊಡೆಯ ಮೇಲೆ, ಧೋತರ ಒದ್ದೆಯಾಗಿದೆಯೇ ಎಂದು ನೋಡುತ್ತ.

ಎಲ್ಲಿ ಎಂದು ಶಿವಾನಂದ ಹೇಳಲಾರ, ಆದರೆ ಯಾವುದೋ ಪದ್ಯಕ್ಕೆ ಆ ಇನ್ನೊಂದು ಕೈಯೂ ಮೇಲೆದ್ದಿತು. ಎರಡೂ ಕೈ ಎತ್ತಿ, ಕಣ್ಣು ಮುಚ್ಚಿ, ಹಾಳೆ ನೋಡದೆ ರಾಚಪ್ಪ ಹಾಡತೊಡಗಿದ. ಅಲ್ಲಿಂದ ಮುಂದೆ ಎರಡು ತಾಸು ಆಗಿಹೋದದ್ದು ಗೊತ್ತಾಗಲಿಲ್ಲ. ನಿತಿನ ಗಡಿಯಾರ ತೋರಿಸಿದ ಮೇಲೂ ಒಂದು ಕತೆ ಹೇಳಿಯೇ ನಿಲ್ಲಿಸಿದ.

ಮಂಗಳಾರತಿಯಾದ ಮೇಲೆ ಹೆಂಗಸರ ಸಾಲಿನಿಂದ ಪಾರ್ವತಿಬಾಯಿ ಎಂಬ ಎಂಬತ್ತರ ಮುದುಕಿ ಕೋಲೂರಿಕೊಂಡು ಬಂದಳು. ಇಪ್ಪತ್ತಾರು ವರ್ಷವೂ ತಪ್ಪದೆ ಕೇಳಿದವಳು.

"ರಾಚಪ್ಪಾ, ಮೊದಲ ಸಂಧಿಯಾಗ ಮೂರು ಪದ್ಯಾ ನುಂಗಿದಿ."

"ಯಾರು, ನಾನಾ? ಹೋಗಬೇ, ನಿನಗ ನಿದ್ದಿ ಹತ್ತಿರಬೇಕು."

"ನಿದ್ದಿ ನಿನಗ ಹತ್ತಿತ್ತು, ಓಡೋಡಿ ಓದಾಕತ್ತಿದ್ದಿ, ಬಸ್ ಹೋಗ್ತದೇನೋ ಅಂಬಂಗ! ಎಂಟು, ಒಂಬತ್ತು, ಹತ್ತು. ಮೂರೂ ನುಂಗಿದಿ. ನನಗ ಓದಾಕ ಬರೂದಿಲ್ಲ ಅಂತ ಮೋಸಾ ಮಾಡ್ತೀಯೇನು?"

ರಾಚಪ್ಪ ಹೊತ್ತಗೆ ಬಿಚ್ಚಿ, ಕನ್ನಡಕ ಏರಿಸಿ, ಹಿಂದಿನ ಹಾಳೆಗಳನ್ನು ತಿರುವಿದ. ಎಂಟು, ಒಂಬತ್ತು, ಹತ್ತು. ಮುದುಕಿ ಹೇಳಿದ್ದು ಸರಿಯಿತ್ತು. ಅವನ ಕಿವಿ ಕೆಂಪಾಯಿತು. ಉಮಾಬಾಯಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಶಿವಾನಂದ ಚಪ್ಪಲಿ ಹಾಕಿಕೊಂಡು ಹೊರಡಲು ನಿಂತವನು ಅಲ್ಲೇ ತಡೆದ.

"ನಾಳಿ ಬಾ" ಎಂದ ರಾಚಪ್ಪ, ಎಂಟನೆಯ ಪದ್ಯದ ಹಾಳೆಯಲ್ಲಿ ಒಂದು ಹೂವಿನ ಎಸಳು ಇಡುತ್ತ. "ಇಲ್ಲಿಂದಽ ಹಿಡೀತೀನಿ. ಮುಂದ ಬಂದು ಕೂಡು, ಒಂದಕ್ಷರ ಬಿಟ್ರ ಕೋಲಿಂದ ಹೊಡಿ."